ದಿನ ತುಂಬುವ ಮೊದಲೇ ಹೆತ್ತ ಟೈಪ್ 1 ತಾಯಿಯ ಇನ್ಸುಲಿನ್ ಯಾರ ಜವಾಬ್ದಾರಿ?

ಹೆರಿಗೆ ವಾರ್ಡ್, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮತ್ತು ಡಯಾಬಿಟಿಸ್ ವಿಭಾಗಗಳನ್ನು ನಡೆಸುವ ಎಲ್ಲರಿಗೂ,

ನಮಸ್ಕಾರ.

ನನಗೆ ಚಿಕ್ಕಂದಿನಿಂದ ಟೈಪ್ 1 ಡಯಾಬಿಟಿಸ್ ಇದೆ. ನನ್ನ ಮಗು 33ನೇ ವಾರದಲ್ಲಿ ಹುಟ್ಟಿತು. ಈಗ ಮಗು ಆರೋಗ್ಯವಾಗಿದೆ, ನಾನೂ ಚೆನ್ನಾಗಿದ್ದೇನೆ. ನಿಮ್ಮಂಥವರು ರಾತ್ರಿಯೆಲ್ಲ ಎಚ್ಚರ ಇದ್ದು ನೋಡಿಕೊಂಡಿದ್ದರಿಂದಲೇ ಇದು ಆಯಿತು. ಆ ಋಣ ನನಗೆ ಚೆನ್ನಾಗಿ ಗೊತ್ತು. ಆದರೂ ಒಂದು ಮಾತು ಹೇಳಲೇಬೇಕು. ಮಗು ಹೊರಗೆ ಬಂದ ಕ್ಷಣದಿಂದ ನನ್ನ ಶುಗರ್ ಯಾರ ಕೈಯಲ್ಲೂ ಇರಲಿಲ್ಲ. ಹೆರಿಗೆ ವಾರ್ಡಿನವರು "ಅದು ಡಯಾಬಿಟಿಸ್ ಡಾಕ್ಟರ್ ನೋಡ್ತಾರೆ" ಅಂದರು. ಡಯಾಬಿಟಿಸ್ ವಿಭಾಗದವರಿಗೆ ನನಗೆ ಹೆರಿಗೆ ಆಗಿದ್ದೇ ಗೊತ್ತಿರಲಿಲ್ಲ. ಎನ್‌ಐಸಿಯು ನೋಡಿಕೊಳ್ಳುವುದು ಮಗುವನ್ನು, ತಾಯಿಯನ್ನಲ್ಲ. ಮೂರೂ ಕಡೆ ಒಳ್ಳೆಯ ಜನರೇ ಇದ್ದರು. ನಡುವೆ ನಾನು ಬಿದ್ದುಹೋದೆ.

ನನ್ನಂಥ ಬೇರೆ ತಾಯಂದಿರ ಜೊತೆ ಮಾತಾಡಿದಾಗ ಅವರೂ ಇದನ್ನೇ ಹೇಳಿದರು. ಅದಕ್ಕೇ ಈ ಪತ್ರ ಒಂದು ಆಸ್ಪತ್ರೆಗೆ ಅಲ್ಲ, ಎಲ್ಲರಿಗೂ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಗರ್ಭಿಣಿಯಾದಾಗ ಬಂದು ಹೆರಿಗೆ ಆದಮೇಲೆ ಹೋಗುವ ಶುಗರ್ ಬೇರೆ. ಟೈಪ್ 2 ಬೇರೆ. ನಮ್ಮದು ಬೇರೆ. ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೊಂದುಹಾಕಿರುತ್ತದೆ. ಊಟ ಮಾಡಿದರೂ ಮಾಡದಿದ್ದರೂ ಹೊರಗಿನಿಂದ ಇನ್ಸುಲಿನ್ ಬರುತ್ತಲೇ ಇರಬೇಕು. "ಆಪರೇಷನ್‌ಗೆ ಹೊಟ್ಟೆ ಖಾಲಿ ಇದೆ, ಹಾಗಾಗಿ ಇನ್ಸುಲಿನ್ ಬೇಡ" ಅನ್ನುವುದು ನಮ್ಮ ವಿಷಯದಲ್ಲಿ ಅಪಾಯದ ಮಾತು. ಇನ್ಸುಲಿನ್ ಪೂರ್ತಿ ನಿಂತರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಕೀಟೋಆಸಿಡೋಸಿಸ್ ಎಂಬ ಪ್ರಾಣಾಪಾಯದ ಸ್ಥಿತಿ ಆಗಬಹುದು. ಗರ್ಭಿಣಿಯರಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಶುಗರ್ ತುಂಬಾ ಏರದೆಯೂ ಆಗಬಹುದು. ಮೀಟರ್‌ನಲ್ಲಿ 200 ಕಂಡಿತು ಅಂತ ನಿರಾಳವಾಗಿ ಕೂರುವಂತಿಲ್ಲ. ಹಾಗಿದ್ದೂ ಲೇಬರ್ ರೂಮಿನಲ್ಲಿ ಮೈಗೆ ಇನ್ಸುಲಿನ್ ಹರಿಸುತ್ತಲೇ ಇರುವ ನನ್ನ ಪಂಪ್ ಬಿಚ್ಚಿಡಿ ಅಂದರು. ಅದರ ಬದಲು ಡ್ರಿಪ್‌ನಲ್ಲಿ ಇನ್ಸುಲಿನ್ ಯಾವಾಗ ಶುರು ಮಾಡುತ್ತಾರೆ ಅಂತ ಕೇಳಿದೆ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ನೋವಿನ ಮಧ್ಯೆ ನಾನೇ ಪಟ್ಟು ಹಿಡಿಯಬೇಕಾಯಿತು. ಪಟ್ಟು ಹಿಡಿಯುವ ಶಕ್ತಿ ಇಲ್ಲದ ಹೆಂಗಸು ಏನು ಮಾಡಬೇಕು?

ಬೇಗ ಹೆರಿಗೆ ಆಗಿದ್ದು ಎಲ್ಲರಿಗೂ ಅನಿರೀಕ್ಷಿತ ಅನ್ನುವಂತೆ ಆ ದಿನ ಓಡಾಟ ನಡೆಯಿತು. ನಿಜ ಹೇಳಬೇಕೆಂದರೆ ಇದು ಅನಿರೀಕ್ಷಿತ ಅಲ್ಲವೇ ಅಲ್ಲ. ಒಟ್ಟಾರೆ ಜಗತ್ತಿನಲ್ಲಿ ಸುಮಾರು ಹತ್ತರಲ್ಲಿ ಒಂದು ಮಗು 37 ವಾರ ತುಂಬುವ ಮೊದಲು ಹುಟ್ಟುತ್ತದೆ. ಟೈಪ್ 1 ತಾಯಂದಿರಲ್ಲಿ ಲೆಕ್ಕವೇ ಬೇರೆ. ಟೈಪ್ 1 ಗರ್ಭಿಣಿಯರ ಮೇಲೆ ಹಲವು ದೇಶಗಳಲ್ಲಿ ನಡೆದ ಕಾನ್ಸೆಪ್ಟ್ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು ಐವರಲ್ಲಿ ಇಬ್ಬರಿಗೆ ಅವಧಿಗೆ ಮೊದಲೇ ಹೆರಿಗೆ ಆಗಿತ್ತು. ಬಿಪಿ ಏರಿ ಪ್ರಿಎಕ್ಲಾಂಪ್ಸಿಯಾ ಎಂಬ ಗರ್ಭಿಣಿಯರ ತೊಂದರೆ ಆಗುವುದು, ಗರ್ಭದ ನೀರು ಜಾಸ್ತಿ ಆಗುವುದು, ಮಾಸು ಸರಿಯಾಗಿ ಕೆಲಸ ಮಾಡದಿರುವುದು, ಮಗುವಿನ ಎದೆಬಡಿತ ನೋಡಿ ವೈದ್ಯರೇ ಈಗಲೇ ತೆಗೆಯೋಣ ಅನ್ನುವುದು, ಹೀಗೆ ಕಾರಣ ಹಲವು. ನನಗೆ ಆಗಿದ್ದು ಬಿಪಿಯಿಂದ. ಐವರಲ್ಲಿ ಇಬ್ಬರಿಗೆ ಆಗುವ ವಿಷಯಕ್ಕೆ ಮೊದಲೇ ತಯಾರಿ ಇರಬೇಕು, ಅಲ್ವಾ? 28ನೇ ವಾರದ ಹೊತ್ತಿಗೆ ಪ್ರತಿ ಟೈಪ್ 1 ಗರ್ಭಿಣಿಯ ಫೈಲಿನಲ್ಲಿ "ಬೇಗ ಹೆರಿಗೆ ಆದರೆ ಏನು ಮಾಡಬೇಕು" ಅನ್ನುವ ಒಂದು ಹಾಳೆ ಇರಲಿ. ನನ್ನ ಫೈಲ್ ದಪ್ಪ ಇತ್ತು. ಆ ಹಾಳೆ ಮಾತ್ರ ಇರಲಿಲ್ಲ.

ಆ ಹಾಳೆಯಲ್ಲಿ ಮೊದಲು ಬರಬೇಕಾದದ್ದು ಸ್ಟೀರಾಯ್ಡ್ ಇಂಜೆಕ್ಷನ್. ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಅಂತ ತಾಯಿಗೆ ಕೊಡುತ್ತಾರಲ್ಲ, ಅದು. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲಿ ಇದರ ಉಪಯೋಗವನ್ನು ತೋರಿಸಿಕೊಟ್ಟರು. ಅಂದಿನಿಂದ ಎಷ್ಟು ಮಕ್ಕಳು ಉಸಿರಾಡಿ ಬದುಕಿವೆಯೋ, ನನ್ನ ಮಗುವೂ ಅದರಲ್ಲಿ ಒಂದು. ಆ ಇಂಜೆಕ್ಷನ್ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಸ್ಟೀರಾಯ್ಡ್ ತಾಯಿಯ ಶುಗರ್ ಅನ್ನು ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಮೊದಲ ಇಂಜೆಕ್ಷನ್ ಆಗಿ ಅರ್ಧ ದಿನ ಕಳೆಯುವಷ್ಟರಲ್ಲಿ ಏರಲು ಶುರುವಾಗುತ್ತದೆ. ಎರಡನೇ, ಮೂರನೇ ದಿನ ಜೋರಾಗುತ್ತದೆ. ಐದು ದಿನದವರೆಗೂ ಇರಬಹುದು. ಮಾಮೂಲಿ ಡೋಸಿಗಿಂತ ಮೂರನೇ ಒಂದು ಭಾಗಕ್ಕೂ ಜಾಸ್ತಿ ಇನ್ಸುಲಿನ್ ಬೇಕಾಗಬಹುದು. ಇದೆಲ್ಲ ಹೊಸ ವಿಷಯ ಏನಲ್ಲ, ಪಠ್ಯಪುಸ್ತಕದಲ್ಲೇ ಇದೆ.

ನನಗೆ ಆ ಇಂಜೆಕ್ಷನ್ ಕೊಟ್ಟದ್ದು ಸಂಜೆ. ಬೆಳಗಿನ ಜಾವ, ಮೈಗೆ ಅಂಟಿಸಿಕೊಂಡು ಸದಾ ಶುಗರ್ ಅಳೆಯುವ ನನ್ನ ಸೆನ್ಸರ್ ಅಲಾರಂ ಹೊಡೆಯಲು ಶುರುವಾಯಿತು. ನಾನು ಕೊಡುತ್ತಿದ್ದ ಇನ್ಸುಲಿನ್ ಏನೂ ಸಾಲುತ್ತಿರಲಿಲ್ಲ. ಡ್ಯೂಟಿಯಲ್ಲಿದ್ದ ನರ್ಸ್ ತುಂಬಾ ಒಳ್ಳೆಯವರು. ಆದರೆ ಡಾಕ್ಟರ್ ಬರೆದು ಕೊಡದೆ ಅವರು ಏನೂ ಮಾಡುವಂತಿರಲಿಲ್ಲ. ರಾತ್ರಿ ಪಾಳಿಯ ಡಾಕ್ಟರ್‌ಗೆ ಟೈಪ್ 1 ಬಗ್ಗೆ ಅಷ್ಟು ಅನುಭವ ಇರಲಿಲ್ಲ. ಬೆಳಿಗ್ಗೆ ರೌಂಡ್ಸ್ ಬರುವವರೆಗೆ ಕಾಯೋಣ ಅಂದರು. ಹೊಟ್ಟೆಯೊಳಗೆ ಮಗು ಇರುವಾಗ ಏರಿದ ಶುಗರ್ ಜೊತೆ ಕಾಯುವುದು ಎಂದರೆ ಏನು ಅಂತ ಟೈಪ್ 1 ತಾಯಿಗೆ ಬಿಡಿಸಿ ಹೇಳಬೇಕಿಲ್ಲ. ತಿಂಗಳುಗಟ್ಟಲೆ ಊಟಕ್ಕೆ ಮುಂಚೆ 95 ದಾಟದಂತೆ, ಊಟ ಆಗಿ ಒಂದು ಗಂಟೆಗೆ 140 ದಾಟದಂತೆ ಒದ್ದಾಡಿದವಳು ನಾನು. ಸ್ಟೀರಾಯ್ಡ್ ಬರೆದ ಕೈಯೇ ಅದರ ಕೆಳಗಿನ ಸಾಲಿನಲ್ಲಿ ಇನ್ಸುಲಿನ್ ಏರಿಸುವ ಕ್ರಮವನ್ನೂ ಬರೆಯಲಿ. ಎರಡನ್ನೂ ಒಟ್ಟಿಗೇ ಬರೆಯುವುದು ನಿಯಮ ಆಗಲಿ.

ಇನ್ನು ಹೆರಿಗೆಯ ನಂತರದ ಕಥೆ. ಅಲ್ಲಿ ಎಲ್ಲ ತಲೆಕೆಳಗು. ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ ಕೆಲಸ ಮಾಡದಂತೆ ತಡೆಯುತ್ತವೆ. ಅದಕ್ಕೇ ಗರ್ಭಿಣಿಯ ಕೊನೆಯ ತಿಂಗಳುಗಳಲ್ಲಿ ಡೋಸ್ ಎರಡು ಪಟ್ಟು, ಕೆಲವರಿಗೆ ಮೂರು ಪಟ್ಟು ಆಗಿರುತ್ತದೆ. ಮಾಸು ಹೊರಗೆ ಬಂತು ಅಂದರೆ ಆ ತಡೆ ಹೋಯಿತು. ಡೋಸನ್ನು ಆಗಲೇ ಇಳಿಸಬೇಕು. ಹಲವರಿಗೆ ಗರ್ಭಿಣಿಯಾಗುವ ಮೊದಲು ತೆಗೆದುಕೊಳ್ಳುತ್ತಿದ್ದಕ್ಕಿಂತಲೂ ಕಡಿಮೆ ಸಾಕಾಗುತ್ತದೆ. ಹಿಂದಿನ ದಿನದ ಚಾರ್ಟ್ ನೋಡಿ ಅದೇ ಡೋಸ್ ಕೊಟ್ಟರೆ ಶುಗರ್ ಇಳಿದು ತಾಯಿ ಪ್ರಜ್ಞೆ ತಪ್ಪಬಹುದು. ನನ್ನ ಚಾರ್ಟಿನಲ್ಲಿ ಹೆರಿಗೆಗೆ ಮುಂಚಿನ ಡೋಸ್, ಅದರ ಮೇಲೆ ಸ್ಟೀರಾಯ್ಡ್‌ಗೆ ಅಂತ ಏರಿಸಿದ ಡೋಸ್, ಎರಡೂ ಹಾಗೇ ಮುಂದುವರಿದಿದ್ದವು. ನಾನು ನೋಡಿದೆ, ಬೇಡ ಅಂದೆ. ಸಿಸೇರಿಯನ್ ಆಗಿ ಅರೆಮಂಪರಿನಲ್ಲಿ ಇರುವವಳು ಚಾರ್ಟ್ ಓದಿದ್ದು ಅದೃಷ್ಟ. ಅದೃಷ್ಟದ ಮೇಲೆ ವಾರ್ಡ್ ನಡೆಸಬಾರದು.

ಒಳಗೆ ಎನ್‌ಐಸಿಯುನಲ್ಲಿ ಮಗುವಿಗೂ ಅದೇ ಹೊತ್ತಿಗೆ ಶುಗರ್ ಕೆಳಗಿಳಿದಿತ್ತು. ತಾಯಿಯ ಗ್ಲೂಕೋಸ್ ಮಾಸಿನ ಮೂಲಕ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಬಂದ ಗ್ಲೂಕೋಸನ್ನು ಸಂಭಾಳಿಸಲು ಮಗುವಿನ ಪುಟ್ಟ ಮೇದೋಜೀರಕ ಗ್ರಂಥಿ ತಾನೇ ಜಾಸ್ತಿ ಇನ್ಸುಲಿನ್ ಮಾಡುತ್ತದೆ. ಡೆನ್ಮಾರ್ಕಿನ ಯೋರ್ಗನ್ ಪೆಡರ್ಸನ್ ಎಂಬ ವೈದ್ಯರು ಇದನ್ನು ದಶಕಗಳ ಹಿಂದೆಯೇ ವಿವರಿಸಿದ್ದರು. ಹೊಕ್ಕುಳ ಬಳ್ಳಿ ಕತ್ತರಿಸಿದ ಮೇಲೆ ಗ್ಲೂಕೋಸ್ ಬರುವುದು ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ಅದಕ್ಕೆ ಹಿಮ್ಮಡಿ ಚುಚ್ಚಿ ಚುಚ್ಚಿ ನೋಡುತ್ತಾರೆ. ಹಲವು ಕಡೆ 47ಕ್ಕಿಂತ ಕೆಳಗಿಳಿದರೆ ಹಾಲು, ಡೆಕ್ಸ್ಟ್ರೋಸ್ ಜೆಲ್ ಅಥವಾ ಡ್ರಿಪ್ ಕೊಡುತ್ತಾರೆ. ದಿನ ತುಂಬದ ಮಗುವಿಗೆ ಮೈಯಲ್ಲಿ ಕೂಡಿಟ್ಟ ಶಕ್ತಿಯೂ ಕಡಿಮೆ, ಹೀರುವ ತಾಕತ್ತೂ ಕಡಿಮೆ. ಹೀರಿ, ನುಂಗಿ, ಉಸಿರಾಡುವುದನ್ನು ಒಟ್ಟಿಗೆ ಮಾಡುವುದನ್ನು ಮಕ್ಕಳು ಸುಮಾರು 34ನೇ ವಾರದ ಹೊತ್ತಿಗೆ ಕಲಿಯುತ್ತಾರೆ. ಹಾಗಾಗಿ ಇಂಥ ಮಕ್ಕಳಿಗೆ ಎರಡೂ ಕಡೆಯಿಂದ ಕಷ್ಟ.

ಇಲ್ಲಿ ಇನ್ನೊಂದು ಮಾತು. ನಮ್ಮ ಮಕ್ಕಳು ಕೆಲವೊಮ್ಮೆ ವಾರಕ್ಕೆ ಮೀರಿ ದಪ್ಪ ಇರುತ್ತಾರೆ. ನನ್ನ ಮಗುವೂ ಹಾಗೇ ಇತ್ತು. ನೋಡಿದವರೆಲ್ಲ "ಇಷ್ಟು ಚೆನ್ನಾಗಿದೆಯಲ್ಲ, ಒಳಗೆ ಯಾಕಿಟ್ಟಿದ್ದಾರೆ?" ಅನ್ನುತ್ತಿದ್ದರು. ತೂಕ ಬಂದ ಮಾತ್ರಕ್ಕೆ ಶ್ವಾಸಕೋಶ ಬಲಿತಿದೆ ಅಂತ ಅಲ್ಲ. ಶ್ವಾಸಕೋಶದ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ಪದಾರ್ಥ ಇದೆ. ಮಗುವಿನ ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇದ್ದರೆ ಅದು ತಯಾರಾಗುವುದು ಇನ್ನೂ ತಡ ಆಗುತ್ತದೆ. ಹೊಸದಾಗಿ ಸೇರಿದ ಸಿಬ್ಬಂದಿಗೆ ದಯವಿಟ್ಟು ಇದನ್ನು ಹೇಳಿಕೊಡಿ. ತಾಯಿಗೆ ಹೆರಿಗೆಗೆ ಮುಂಚೆಯೇ ಹೇಳಿ. ಎನ್‌ಐಸಿಯು ಒಮ್ಮೆ ತೋರಿಸಿಕೊಂಡು ಬನ್ನಿ. ಅಲ್ಲಿನ ವೈರು, ಟ್ಯೂಬು, ಸದ್ದು ನೋಡಿದ್ದರೆ ಆ ದಿನ ನನ್ನ ಎದೆ ಅಷ್ಟು ಒಡೆಯುತ್ತಿರಲಿಲ್ಲ.

ಈಗ ಹೇಳುವುದು ನನಗೆ ಎಲ್ಲಕ್ಕಿಂತ ಮುಖ್ಯ. ಮಗುವಿನ ಶುಗರ್ ಲೋ ಆದಾಗ ಒಬ್ಬರು ನನ್ನ ಮುಖ ನೋಡಿ "ಕಂಟ್ರೋಲ್ ಸರಿ ಇರಲಿಲ್ವಾ?" ಅಂದರು. ಬೈದಿದ್ದಲ್ಲ, ಸುಮ್ನೆ ಕೇಳಿದ್ದು. ಆದರೆ ಆ ಮಾತು ಇವತ್ತಿಗೂ ಹೋಗಿಲ್ಲ. ಶುಗರ್ ಹಿಡಿತದಲ್ಲಿದ್ದರೆ ಮಗುವಿಗೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಮೇಲೆ ಹೇಳಿದ ಅಧ್ಯಯನದಲ್ಲೇ ಸೆನ್ಸರ್ ಹಾಕಿಕೊಂಡ ಗುಂಪಿನ ತಾಯಂದಿರ ಶುಗರ್ ಉತ್ತಮವಾಗಿತ್ತು. ಅವರ ಮಕ್ಕಳಲ್ಲಿ ಅತಿ ತೂಕ ಕಡಿಮೆ, ಶುಗರ್ ಇಳಿಯುವುದು ಕಡಿಮೆ, ಎನ್‌ಐಸಿಯುನಲ್ಲಿ ಒಂದು ದಿನಕ್ಕಿಂತ ಜಾಸ್ತಿ ಇರುವುದೂ ಕಡಿಮೆ ಆಗಿತ್ತು. ಆದರೆ ಅವಧಿಗೆ ಮುಂಚಿನ ಹೆರಿಗೆಯಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಅಂದರೆ ಎಷ್ಟು ಶ್ರದ್ಧೆಯಿಂದ ನೋಡಿಕೊಂಡರೂ ಬೇಗ ಹೆರಿಗೆ ಆಗಬಹುದು. ಇದನ್ನು ಯಾರಾದರೂ ಆ ದಿನ ನನಗೆ ಹೇಳಿದ್ದರೆ! ಸಿಸೇರಿಯನ್ ಗಾಯ ಮಾಗಿತು. "ನಾನೇ ಕಾರಣ" ಅನ್ನುವ ಭಾವ ಮಾಗಲು ತುಂಬಾ ಕಾಲ ಹಿಡಿಯಿತು. ತಾಯಿ ಎದುರಿಗಿರುವಾಗ ಆ ಪ್ರಶ್ನೆ ಕೇಳಬೇಡಿ. ಚಿಕಿತ್ಸೆಗೆ ಬೇಕಾದ ಅಂಕಿಗಳೆಲ್ಲ ಫೈಲಿನಲ್ಲಿವೆ, ಅಲ್ಲಿ ನೋಡಿ.

ಹಾಲಿನ ವಿಷಯಕ್ಕೆ ಬರುತ್ತೇನೆ. ಟೈಪ್ 1 ತಾಯಂದಿರಿಗೆ ಹೆರಿಗೆ ಆದಮೇಲೆ ಹಾಲು ತುಂಬಿ ಬರುವುದು ಸ್ವಲ್ಪ ತಡ. ದಿನ ತುಂಬದೆ ಹೆತ್ತವರಿಗೂ ತಡ. ಎರಡೂ ಸೇರಿದವರಿಗೆ ಕೇಳಬೇಕೇ? ಹೆರಿಗೆ ಆದ ಮೊದಲ ಕೆಲವು ಗಂಟೆಗಳಲ್ಲೇ ಹಿಂಡಲು ಶುರು ಮಾಡಬೇಕು. ರಾತ್ರಿಯೂ ಬಿಡದೆ ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು. ಮೊದಲ ದಿನ ಬರುವುದು ಹನಿ ಲೆಕ್ಕದಲ್ಲಿ. ಆ ಹನಿಗಳು ಈ ಮಕ್ಕಳಿಗೆ ಎಷ್ಟು ಬೆಲೆಬಾಳುತ್ತವೆ ಅಂತ ನಿಮಗೆ ಗೊತ್ತು. ನನ್ನ ಹತ್ತಿರ ಹಾಲು ಹಿಂಡುವ ಪಂಪ್ ತಂದುಕೊಟ್ಟಿದ್ದು ಮಾರನೇ ದಿನ. "ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತಗೋತಾರೆ, ಹಾಲು ಕೊಡಬಹುದಾ?" ಅಂತ ಒಬ್ಬರು ಅನುಮಾನಪಟ್ಟರು. ಕೊಡಬಹುದು. ತಾಯಿ ತೆಗೆದುಕೊಳ್ಳುವ ಇನ್ಸುಲಿನ್ ಹಾಲಿನ ಮೂಲಕ ಮಗುವಿಗೆ ತೊಂದರೆ ಕೊಡುವುದಿಲ್ಲ. ತೊಂದರೆ ಆಗುವುದು ತಾಯಿಗೆ. ಹಾಲು ಹಿಂಡಿದಾಗ, ಕುಡಿಸಿದಾಗ ಅವಳ ಶುಗರ್ ಸರ್ರನೆ ಇಳಿಯಬಹುದು. ಮೊದಲೇ ಏನಾದರೂ ತಿಂದಿರಬೇಕು, ಕೈಗೆಟಕುವಲ್ಲಿ ಗ್ಲೂಕೋಸ್ ಇರಬೇಕು.

ಆದರೆ ಎನ್‌ಐಸಿಯು ನಿಯಮ ಏನು? ಒಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಫೋನ್ ಹೊರಗಿಟ್ಟು ಬರಬೇಕು. ಸೋಂಕಿನ ಭಯ ನನಗೆ ಅರ್ಥ ಆಗುತ್ತದೆ. ನಿಯಮ ಇರಲಿ. ಆದರೆ ನನ್ನ ಸೆನ್ಸರ್ ಶುಗರ್ ತೋರಿಸುವುದೇ ಫೋನಿನಲ್ಲಿ. ಫೋನ್ ಹೊರಗಿಟ್ಟರೆ ಅಲಾರಂ ಲಾಕರ್‌ನೊಳಗೆ ಹೊಡೆದುಕೊಳ್ಳುತ್ತದೆ, ನಾನು ಒಳಗೆ ಬೆವರುತ್ತಾ ಕೂತಿರುತ್ತೇನೆ. ಒಂದು ಸಲ ಹಾಗೇ ಆಯಿತು. ಮಗು ನನ್ನ ಎದೆಯ ಮೇಲಿತ್ತು, ಕೈ ನಡುಗಲು ಶುರುವಾಯಿತು. ಮಗುವನ್ನು ಎತ್ತಿಕೊಳ್ಳಿ ಅಂತ ಕೂಗಿದೆ. ಬಂದ ನರ್ಸ್ ಕ್ಷಣದಲ್ಲಿ ಎತ್ತಿಕೊಂಡರು, ಇನ್ನೊಬ್ಬರು ಓಡಿಹೋಗಿ ಜ್ಯೂಸ್ ತಂದರು. ಅವರಿಬ್ಬರಿಗೂ ನಾನು ಚಿರಋಣಿ. ಆದರೆ ಅದಕ್ಕೆ ಓಡಬೇಕಾದ ಅಗತ್ಯವೇ ಇರಲಿಲ್ಲ. ಕವರ್‌ನಲ್ಲಿ ಹಾಕಿ ಒರೆಸಿದ ಫೋನ್ ಮತ್ತು ಒಂದು ಪೊಟ್ಟಣ ಗ್ಲೂಕೋಸ್ ಮಾತ್ರೆ, ಇವೆರಡನ್ನು ಟೈಪ್ 1 ತಾಯಿ ಒಳಗೆ ತರಬಹುದು ಅಂತ ಬಾಗಿಲ ಬಳಿಯ ಬೋರ್ಡಿನಲ್ಲಿ ಒಂದು ಸಾಲು ಬರೆಸಿ. ಇದಕ್ಕೆ ಹಣ ಬೇಡ, ಕಮಿಟಿ ಬೇಡ. ನಾಳೆ ಬೆಳಿಗ್ಗೆಯೇ ಆಗುವ ಕೆಲಸ.

ಹಣ ಬೇಕಾದ ಕೆಲಸವೂ ಒಂದಿದೆ. ಅದನ್ನು ಮುಚ್ಚಿಡುವುದಿಲ್ಲ. ತಾಯಿಯ ಹಾಸಿಗೆ ಮಗುವಿನ ಪಕ್ಕದಲ್ಲೇ ಇರಬೇಕು. ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ 1978ರಲ್ಲಿ ಎಡ್ಗರ್ ರೇ ಎಂಬ ವೈದ್ಯರು ತಾಯಂದಿರ ಎದೆಯ ಮೇಲೇ ಮಕ್ಕಳನ್ನು ಮಲಗಿಸಲು ಶುರು ಮಾಡಿದರು. ಇವತ್ತು ಕಾಂಗರೂ ಆರೈಕೆ ಅಂತ ಎಲ್ಲೆಡೆ ಹೆಸರಾಗಿದೆ. ಮೊದಲು ಮಗು ಸ್ಥಿರವಾಗಲಿ, ಆಮೇಲೆ ಎದೆಗೆ ಹಾಕೋಣ ಅನ್ನುತ್ತಿದ್ದರು. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಅದನ್ನು ಬದಲಿಸಿತು. ಘಾನಾ, ಭಾರತ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ಕಡಿಮೆ ತೂಕದ ಮಕ್ಕಳನ್ನು ಹುಟ್ಟಿದ ಕೂಡಲೇ ಎದೆಗೆ ಹಾಕಿದಾಗ ಮೊದಲ 28 ದಿನಗಳ ಸಾವು ಸುಮಾರು ಕಾಲು ಭಾಗ ಕಡಿಮೆಯಾಯಿತು. ಅದಕ್ಕಾಗಿ ಅಲ್ಲಿ ತಾಯಂದಿರಿಗೆ ಮಕ್ಕಳ ಘಟಕದೊಳಗೇ ಹಾಸಿಗೆ ಹಾಕಿದ್ದರು. ಇಬ್ಬರನ್ನೂ ಒಂದೇ ಕಡೆ ನೋಡಿಕೊಂಡರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿ ಅಂತ ಶಿಫಾರಸು ಮಾಡಿತು. ಟೈಪ್ 1 ತಾಯಿಗೆ ಇದರಿಂದ ಇನ್ನೊಂದು ಲಾಭ ಇದೆ. ಮಗುವಿನ ಶುಗರ್ ನೋಡುವ ನರ್ಸ್ ಕಣ್ಣಿಗೆ ತಾಯಿಯೂ ಬೀಳುತ್ತಾಳೆ. ಸಿಸೇರಿಯನ್ ಹೊಲಿಗೆ ಹಿಡಿದುಕೊಂಡು ಮಹಡಿ ಹತ್ತಿ ಇಳಿಯುವುದು ತಪ್ಪುತ್ತದೆ. ಆ ಹತ್ತಿ ಇಳಿಯುವಿಕೆಯಿಂದಲೇ ನನ್ನ ಶುಗರ್ ಎಷ್ಟೋ ಸಲ ಕೆಳಗೆ ಹೋಗಿದೆ.

ಡಿಸ್ಚಾರ್ಜ್ ಬಗ್ಗೆಯೂ ಹೇಳಬೇಕು. ನನ್ನನ್ನು ಬಿಟ್ಟರು, ಮಗು ಒಳಗೇ ಉಳಿಯಿತು. ಆ ಕ್ಷಣದಿಂದ ನಾನು ರೋಗಿ ಅಲ್ಲ, ನೋಡಲು ಬಂದವಳು. ನನಗೆ ಊಟ ಇಲ್ಲ, ಕೂರಲು ಸರಿಯಾದ ಜಾಗ ಇಲ್ಲ, ಡಯಾಬಿಟಿಸ್ ಡಾಕ್ಟರ್ ಭೇಟಿ ಎಷ್ಟೋ ವಾರಗಳ ನಂತರ. ಇನ್ಸುಲಿನ್ ಅಗತ್ಯ ದಿನ ದಿನಕ್ಕೂ ಬದಲಾಗುವ ಕಾಲ ಅದು. ನಿದ್ದೆ ಇಲ್ಲ, ಊಟಕ್ಕೆ ಹೊತ್ತಿಲ್ಲ, ಹಾಲು ಹಿಂಡುವುದು ಮೂರು ಗಂಟೆಗೊಮ್ಮೆ. ಯಾರಾದರೂ ಒಬ್ಬರು ಫೋನ್ ಮಾಡಿ "ಶುಗರ್ ಹೇಗಿದೆ, ನೀವು ಊಟ ಮಾಡಿದ್ರಾ, ಮನಸ್ಸು ಹೇಗಿದೆ?" ಅಂತ ಕೇಳಿದ್ದರೆ ಸಾಕಿತ್ತು. ಮಗು ಎನ್‌ಐಸಿಯುನಲ್ಲಿ ಇರುವಷ್ಟು ದಿನ ಡಯಾಬಿಟಿಸ್ ನರ್ಸ್ ಒಬ್ಬರು ವಾರಕ್ಕೆ ಎರಡು ಸಲ ಆ ತಾಯಿಗೆ ಫೋನ್ ಮಾಡಲಿ. ಆ ತಾಯಿಗೆ ಮೂರು ಹೊತ್ತು ಊಟ ಸಿಗಲಿ. ಅವಳ ಹಾಲೇ ಮಗುವಿಗೆ ಮದ್ದು ಅಂತ ಹೇಳುವವರು ನೀವೇ.

ನವೆಂಬರ್ 14 ವಿಶ್ವ ಡಯಾಬಿಟಿಸ್ ದಿನ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ ದಿನ ಅದು. ಮೂರು ದಿನ ಕಳೆದರೆ, ನವೆಂಬರ್ 17, ಅವಧಿಪೂರ್ವ ಶಿಶುಗಳ ದಿನ. ಎರಡಕ್ಕೂ ಆಸ್ಪತ್ರೆಗಳಲ್ಲಿ ಬೇರೆ ಬೇರೆ ಪೋಸ್ಟರ್, ಬೇರೆ ಬೇರೆ ಭಾಷಣ ಇರುತ್ತವೆ. ಆ ಮೂರು ದಿನಗಳ ನಡುವೆ ಎಲ್ಲೋ ನಾವು ಇದ್ದೇವೆ. 1922ರಲ್ಲಿ ಮೊದಲ ಬಾರಿ ರೋಗಿಗೆ ಇನ್ಸುಲಿನ್ ಕೊಡುವ ಮೊದಲು ನನ್ನಂಥವಳು ಗರ್ಭಿಣಿಯಾಗುವುದೇ ಅಪರೂಪ, ಆದರೂ ತಾಯಿ ಮಗು ಇಬ್ಬರೂ ಉಳಿಯುವುದು ಇನ್ನೂ ಅಪರೂಪ. ಇಷ್ಟು ದೂರ ಕರೆತಂದವರು ವೈದ್ಯರು, ನರ್ಸ್‌ಗಳು. ಹಾಗಾಗಿಯೇ ನಿಮ್ಮಲ್ಲಿ ಕೇಳುತ್ತಿದ್ದೇನೆ.

ಈ ತಿಂಗಳು ಒಂದು ಮಧ್ಯಾಹ್ನ ಹೆರಿಗೆ ವಿಭಾಗ, ಎನ್‌ಐಸಿಯು, ಡಯಾಬಿಟಿಸ್ ವಿಭಾಗದ ಮೂವರು ಒಂದೇ ಮೇಜಿನ ಸುತ್ತ ಕೂತುಕೊಳ್ಳಿ. ನಾನು ಹೇಳಿದ ಆ ಒಂದು ಹಾಳೆಯನ್ನು ಬರೆಯಿರಿ. ಸ್ಟೀರಾಯ್ಡ್ ಕೊಟ್ಟಾಗ ಇನ್ಸುಲಿನ್ ಎಷ್ಟು ಏರಬೇಕು, ಮಾಸು ಬಂದ ಕೂಡಲೇ ಎಷ್ಟಕ್ಕೆ ಇಳಿಯಬೇಕು, ಪಂಪ್ ಮತ್ತು ಸೆನ್ಸರ್ ತಾಯಿಯ ಮೈಮೇಲೆ ಯಾವಾಗ ಉಳಿಯಬಹುದು, ಹಾಲು ಹಿಂಡಲು ಯಾರು ಸಹಾಯ ಮಾಡುತ್ತಾರೆ, ಡಿಸ್ಚಾರ್ಜ್ ಆದಮೇಲೆ ಯಾರು ಫೋನ್ ಮಾಡುತ್ತಾರೆ. ಎಲ್ಲಕ್ಕಿಂತ ಮೇಲೆ ರಾತ್ರಿ ಎರಡು ಗಂಟೆಗೂ ಸಿಗುವ ಒಬ್ಬರ ಹೆಸರು ಮತ್ತು ನಂಬರ್ ಇರಲಿ. ಬರೆಯುವಾಗ ಟೈಪ್ 1 ಇರುವ ಒಬ್ಬ ತಾಯಿಯನ್ನೂ ಜೊತೆಗೆ ಕೂರಿಸಿಕೊಳ್ಳಿ. ಕರೆದರೆ ನಾನು ಬರುತ್ತೇನೆ.

ಇಂತಿ,
ದಿನ ತುಂಬುವ ಮೊದಲೇ ಹೆತ್ತ ಒಬ್ಬ ಟೈಪ್ 1 ತಾಯಿ